ಗಿರಣಿ ನಿಂತಾಗ ಬರುವ ದನಿ

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯೊಂದರಲ್ಲಿ, ಮತೀನ್ ಭಾಯಿಯ ಕನ್ನಡಕದ ಅಂಗಡಿಯ ಮೇಲೆ, ಸುಮಂಗಲಾಳ ಕೋಣೆ. ಬಾಗಿಲ ಪಕ್ಕ 'ವಿಶೇಷ ಮಕ್ಕಳ ಪಾಲಕರಿಗೆ ಸಲಹೆ' ಅಂತ ಬೋರ್ಡು. ಆಕೆ ಅದನ್ನು ತೂಗುಹಾಕಿದ ಹೊಸದರಲ್ಲಿ ಓದಿ ನಕ್ಕವರೇ ಹೆಚ್ಚು. "ಸಲಹಾ ಹೇಳಾಕ ಫೀಸು ತಗೋತಾಳಂತ! ಯಾವ ಕಟ್ಟಿ ಮ್ಯಾಲ ಕುಂತ್ರೂ ಪುಕ್ಕಟ ಸಿಗ್ತಾವಲ್ಲೋ" ಅಂತ ಚಹಾದ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಅದು ಆಕೆಯ ಕಿವಿಗೂ ಬಿದ್ದಿತ್ತು. ಪುಕ್ಕಟೆ ಸಲಹೆ ಎಂಥಾದ್ದು ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಕೃಷ್ಣನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಗಬ್ಬೂರಿನ ಮಂದಿಯೆಲ್ಲಾ ಅವರವ್ವ ಬಸ್ಸಮ್ಮನಿಗೆ ಸಲಹೆ ಕೊಟ್ಟವರೇ. ಒಬ್ಬರು ನಾಲಿಗೆಗೆ ಬರೆ ಹಾಕು ಅಂದರು, ಇನ್ನೊಬ್ಬರು ದರ್ಗಾಕ್ಕೆ ಒಯ್ಯಿ ಅಂದರು, ಸಾಲಿ ಮಾಸ್ತರು ಮನೆಯಲ್ಲೇ ಇಟ್ಟುಕೋ ಅಂದರು. ಹತ್ತಿ ಬಿಡಿಸುವ ಕೂಲಿಯ ಬಸ್ಸಮ್ಮ ಎಲ್ಲವನ್ನೂ ಮಾಡಿ ನೋಡಿದಳು. ಕೃಷ್ಣನ ನಾಲಿಗೆಯ ಮೇಲೆ ಆ ಬರೆ ಇನ್ನೂ ಇದೆ. ಈಗವನು ದೇವದುರ್ಗದ ಬಸ್‌ಸ್ಟ್ಯಾಂಡ್ ಎದುರು ಇಸ್ತ್ರಿ ಅಂಗಡಿ ಇಟ್ಟುಕೊಂಡು ತಕ್ಕಮಟ್ಟಿಗೆ ಬಾಳುತ್ತಿದ್ದಾನೆ.

ತಮ್ಮನ ಸಂಕಟ ನೋಡಿಯೇ ಸುಮಂಗಲಾ ವಿಶೇಷ ಮಕ್ಕಳಿಗೆ ಕಲಿಸುವ ಶಿಕ್ಷಣ ಪಡೆದಳು. ದೇವದುರ್ಗ ತಾಲೂಕಿನಲ್ಲಿ ಸಾಲಿಗೆ ಬರಲಾಗದ ಮಕ್ಕಳ ಮನೆಮನೆಗೆ ಹೋಗಿ ಕಲಿಸುವ ಗುತ್ತಿಗೆ ಕೆಲಸ ಸಿಕ್ಕಿತು. ಒಂದು ಬೇಸಿಗೆಯಲ್ಲಿ ಗುತ್ತಿಗೆ ಮುಗಿಯಿತು, ಆದರೆ ತಾಯಂದಿರ ಫೋನು ನಿಲ್ಲಲಿಲ್ಲ. ಯಾವ ಸಾಲಿಯವರು ಇಲ್ಲ ಅನ್ನದೆ ಸೇರಿಸಿಕೊಳ್ಳಬೇಕು, ಸರ್ಟಿಫಿಕೇಟಿಗೆ ಎಲ್ಲಿಗೆ ಓಡಾಡಬೇಕು, ತಲೆ ಗೋಡೆಗೆ ಬಡಿದುಕೊಳ್ಳುವ ಕೂಸನ್ನು ಹ್ಯಾಂಗ ಹಿಡಿಯಬೇಕು ಅಂತ ಕೇಳುತ್ತಲೇ ಇದ್ದರು. ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆಗಿದ್ದ ಗಂಡ ಅಯ್ಯಪ್ಪನೇ ಕಡೆಗೆ ಹೇಳಿದ: "ಇದನ್ನ ಕೆಲಸ ಮಾಡ್ಕೋ. ರೊಕ್ಕ ಕೊಟ್ಟು ಕೇಳಿದ ಮಾತ ಮಂದಿ ಪಾಲಸ್ತಾರ." ಅವನ ಮಾತು ಸುಳ್ಳಾಗಲಿಲ್ಲ. ಮೂರು ತಾಲೂಕಿನಿಂದ ಜನ ಬರತೊಡಗಿದರು.

ಮಾನ್ವಿಯಿಂದ ಫೋನ್ ಬಂದದ್ದು ಒಂದು ಚೈತ್ರದಲ್ಲಿ. ಹಿಂದೆ ಗಿರಣಿಯ ಸದ್ದು. ಅದರ ಮೇಲೆ ಹೆಣ್ಣುದನಿಯೊಂದು ಚೀರಿ ಚೀರಿ ಮಾತಾಡುತ್ತಿತ್ತು. "ನಾ ವಿಜಯಲಕ್ಷ್ಮಿ ಅಂತ್ರೀ ಮೇಡಮ್. ನಮ್ಮನಿಯಾಗ ಒಂದು ಹುಡುಗಿ ಅದ. ಮಾತಾಡಂಗಿಲ್ಲ. ಅಂದ್ರ... ಮಾತಾಡ್ತಾಳ್ರಿ. ನೀವ ಬಂದು ನೋಡ್ರಿ."

ಸುಮಂಗಲಾ ಹೋದಳು. ಊರ ಹೊರಗಿನ ರೈಸ್ ಮಿಲ್ಲು, ಅದರ ಕಾಂಪೌಂಡಿನೊಳಗೇ ಮನೆ. ಗಿರಣಿ ಓಡುತ್ತಿದ್ದರೆ ಮನೆಯ ಗಾಜು, ಪಾತ್ರೆ, ನೆಲ ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ತೌಡಿನ ಧೂಳು ಬಿಸಿಲಲ್ಲಿ ತೇಲುತ್ತಿತ್ತು. ಮಾಲೀಕ ಪಂಪಾಪತಿ ಪಡಸಾಲೆಯ ಕುರ್ಚಿ ತೋರಿಸಿ ನೇರ ಮಾತಿಗಿಳಿದ.

"ಮೊದಲ್ನೇ ಹೆಂಡ್ತಿ ಮಗಳು. ಅಂಬಿಕಾ. ಒಂಬತ್ತಾದಾವು. ಒಂದು ಛಲೋ ಹಾಸ್ಟೆಲ್ ಹೇಳ್ರಿ. ಮೈಸೂರಾಗಲಿ, ಹೈದರಾಬಾದಾಗಲಿ. ದೂರ ಇದ್ದಷ್ಟೂ ಛಲೋ. ನಿಮ್ಮ ಫೀಸಿನ ಚಿಂತಿ ಬ್ಯಾಡ."

ಮೂಲೆಯ ಮಣೆಯ ಮೇಲೆ ಅವನ ತಾಯಿ ಗುರುಶಾಂತಮ್ಮ ಕೂತಿದ್ದಳು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಸುಮಂಗಲಾಳ ಊರು ಕೇಳಿದಳು, ಗಬ್ಬೂರಿನಲ್ಲಿ ಯಾವ ಓಣಿ ಅಂತಲೂ ಕೇಳಿದಳು. ಆಮೇಲೆ ಬಂದ ಚಹಾವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟರು. ಸುಮಂಗಲಾ ಅದನ್ನು ಅಲ್ಲೇ ಬಿಟ್ಟಳು. ಬಸುರಿ ವಿಜಯಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ಕೈ ತೋರಿಸಿದಳು.

ನಡುಮನೆಯ ಆಚೆ, ಬೀಗ ಹಾಕಿದ ಕೋಣೆಯೊಂದರ ಮುಂದೆ ಹುಡುಗಿ ಕೂತಿದ್ದಳು. ಎರಡು ಜಡೆ, ತೊಳೆದ ಲಂಗ. ಯಾರೋ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ ಅಂತ ತಿಳಿಯುತ್ತಿತ್ತು. ಬಲಗಿವಿಯನ್ನು ಬಾಗಿಲಿಗೆ ಒತ್ತಿಕೊಂಡು, ಕಣ್ಣು ತೆರೆದೇ, ಏನನ್ನೋ ಆಲಿಸುತ್ತಿದ್ದಳು. ಸುಮಂಗಲಾ ಹತ್ತಿರ ಕೂತು ಹೆಸರು ಹಿಡಿದು ಕರೆದಳು. ಹುಡುಗಿ ಹೊರಳಿ ನೋಡಲಿಲ್ಲ.

ಅಷ್ಟರಲ್ಲಿ ಊಟದ ಹೊತ್ತಾಯಿತು, ಗಿರಣಿ ನಿಂತಿತು.

ಸದ್ದು ಒಮ್ಮೆಲೇ ಹೋದಾಗ ಮನೆಯ ಉಸಿರೇ ಹೋದಂತಾಯಿತು. ಆ ಮೌನದಲ್ಲಿ ಒಂದು ಹೆಂಗಸಿನ ದನಿ ಬಂತು. ದೊಡ್ಡ ಹೆಂಗಸಿನದು, ಗಂಟಲು ಒಣಗಿ ಒಡೆದ ದನಿ.

"ಅತ್ತೀ... ಕದಾ ತಗೀರಿ ಅತ್ತೀ. ಗಿರಣಿ ನಿಂತದ ಈಗ. ಈಗರ ನನ್ನ ದನಿ ಕೇಳಸ್ತದಲ್ಲ? ಒಂದು ಗುಟುಕು ನೀರು ಕೊಡ್ರಿ."

ಕೋಣೆಯೊಳಗೆ ಯಾರೋ ಇದ್ದಾರೆ ಅಂತಲೇ ಸುಮಂಗಲಾ ಎದ್ದು ನಿಂತಳು. ಆಮೇಲೆ ಆಕೆಯ ಕಣ್ಣು ಹುಡುಗಿಯ ತುಟಿಗಳ ಮೇಲೆ ಬಿತ್ತು. ಅವು ಅಲುಗುತ್ತಿದ್ದವು. ಮುಖದಲ್ಲಿ ನೋವಿಲ್ಲ, ಅಳುವಿಲ್ಲ. ದನಿಗೂ ಮುಖಕ್ಕೂ ಸಂಬಂಧವೇ ಇರಲಿಲ್ಲ. ನಡುವೆ ಒಂದು ಒಣಕೆಮ್ಮು. ಮತ್ತೆ, "ಅತ್ತೀ... ನಾ ಸುನಂದಾನ ಅದೀನಿ, ಅತ್ತೀ."

ಗುರುಶಾಂತಮ್ಮ ಎದ್ದುಬಂದು ಹುಡುಗಿಯ ಹಣೆಗೆ ವಿಭೂತಿ ಬಳಿದಳು. "ನೋಡಿದೇನವಾ? ಬಂದ್ಲು. ಸತ್ತು ನಾಕು ವರ್ಷ ಆತು, ಇನ್ನೂ ಬಿಟ್ಟು ಹೋಗವಲ್ಲಳು. ನನ್ನ ಸೊಸಿ ಗಾಳಿಯಾಗಿ ಕೂಸಿನ ಮೈ ಹೊಕ್ಕಾಳ. ತಾಯತ ಆತು, ಪೂಜಿ ಆತು, ಯಾವುದಕ್ಕೂ ಬಗ್ಗವಲ್ಲದು."

ಸುಮಂಗಲಾಳಿಗೆ ಕಲಿತ ವಿದ್ಯೆ ನಿಧಾನಕ್ಕೆ ನೆನಪಿಗೆ ಬಂತು. ಸ್ವಂತ ಮಾತು ಕಟ್ಟಲು ಬಾರದ ಕೆಲವು ಮಕ್ಕಳು ಕೇಳಿದ್ದನ್ನು ಇಡಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ದನಿ, ಆ ಕೆಮ್ಮು, ಆ ತಡವರಿಕೆ ಸಮೇತ. ಅದೇ ಸಂದರ್ಭ ಮತ್ತೆ ಬಂದಾಗ ತಿರುಗಿ ಹೊರಹಾಕುತ್ತವೆ. ದೇವದುರ್ಗದಲ್ಲಿ ಅಂಥ ಒಬ್ಬ ಹುಡುಗ ಹಸಿವಾದಾಗೆಲ್ಲ ಕಂಡಕ್ಟರನ ದನಿಯಲ್ಲಿ 'ಗಬ್ಬೂರು, ಗಬ್ಬೂರು, ಲಗು ಇಳೀರಿ' ಅನ್ನುತ್ತಿದ್ದ. ಇದು ದೆವ್ವವಲ್ಲ. ಹೇಳಿಬಿಡೋಣ ಅಂತ ಸುಮಂಗಲಾ ಬಾಯಿ ತೆರೆದಳು.

ಆಗ ಬಾಗಿಲ ಬೀಗ ಕಂಡಿತು. ದೆವ್ವವಲ್ಲ ಅಂದರೆ ಈ ಮಾತನ್ನು ಯಾರೋ ನಿಜವಾಗಿ ಆಡಿದ್ದಾರೆ. ಈ ಮನೆಯಲ್ಲೇ, ಈ ಬೀಗದ ಹಿಂದೆ.

"ಇನ್ನೊಮ್ಮೆ ಬರ್ತೀನ್ರಿ" ಅಂದು ಎದ್ದುಬಂದಳು. ಬಸ್ಸಿನಲ್ಲಿ ನೀರಿನ ಬಾಟಲಿ ತೆರೆದವಳು ಮತ್ತೆ ಮುಚ್ಚಿ ಚೀಲಕ್ಕೆ ಹಾಕಿದಳು.

ಅಯ್ಯಪ್ಪ ಎಲ್ಲ ಕೇಳಿಸಿಕೊಂಡು, "ನಿನ್ನ ಕೆಲಸ ಸಲಹಾ ಹೇಳೋದು. ಪೊಲೀಸ್ರ ಕೆಲಸ ಅಲ್ಲ. ಹಾಸ್ಟೆಲ್ಲಿನ ಹೆಸರು ಹೇಳಿ ಕೈ ತೊಳಕೋ. ದೊಡ್ಡ ಮಂದಿ ಅವರು" ಅಂದ. ಆತ ಹೆದರಿ ಹೇಳಿದ್ದಲ್ಲ, ಹೆಂಡತಿಯ ಮೇಲಿನ ಕಾಳಜಿಗೆ ಹೇಳಿದ್ದು. ಸುಮಂಗಲಾಳಿಗೂ ಹಾಗೇ ಮಾಡಬೇಕು ಅನ್ನಿಸುತ್ತಿತ್ತು. ಮೈಸೂರಿನ ಒಂದು ವಸತಿ ಸಾಲಿಗೆ ಫೋನ್ ಮಾಡಿ ವಿಚಾರಿಸಿದಳು ಕೂಡ. ಸೀಟು ಇತ್ತು. ಮಾನ್ವಿಗೆ ತಿಳಿಸಲು ಮಾತ್ರ ಕೈ ಬರಲಿಲ್ಲ. ರಾಯಚೂರಿನಲ್ಲಿ ಕರೆಂಟು ಹೋಗಿ ಫ್ಯಾನು ನಿಂತಾಗೆಲ್ಲ ಆ ಕೆಮ್ಮು ಕೇಳಿಸಿದಂತಾಗಿ ಬಾಗಿಲ ಕಡೆ ತಿರುಗಿ ನೋಡುತ್ತಿದ್ದಳು.

ಆಮೇಲೆ ವಿಜಯಲಕ್ಷ್ಮಿಯದೇ ಫೋನು. ಈ ಸಲ ಚೀರಲಿಲ್ಲ, ಪಿಸುಗುಟ್ಟಿದಳು. "ಮೇಡಮ್, ಅಂಬಿಕಾ ಈಗ ಇನ್ನೊಂದು ದನಿಲೆ ಮಾತಾಡಾಕತ್ತಾಳ. ಅತ್ತಿ ದನಿಲೆ. ಅತ್ತಿ ನನ್ನ ಮುಂದನ ಕುಂತಾರ್ರಿ. ಬದುಕಿದ್ದೋರದೂ ದೆವ್ವ ಇರ್ತದೇನ್ರೀ?"

ಮರುದಿನವೇ ಸುಮಂಗಲಾ ಮಾನ್ವಿಯ ಬಸ್ಸು ಹತ್ತಿದಳು. ಪಂಪಾಪತಿ ಭತ್ತದ ಖರೀದಿಗೆ ಹೋಗಿದ್ದ. ಮನೆಯಲ್ಲಿ ಹೆಂಗಸರಿಬ್ಬರು, ಹುಡುಗಿ. ಗಿರಣಿ ನಿಲ್ಲುವುದನ್ನೇ ಕಾಯುತ್ತ ಕೂತರು. ನೆಲದ ನಡುಕ ನಿಂತಿತು.

ಮೊದಲು ಆ ಒಣಗಿದ ದನಿ ಬಂತು, ಅದೇ ಬೇಡಿಕೆ. ಆಮೇಲೆ ಹುಡುಗಿಯ ಬಾಯಿಂದ ಗುರುಶಾಂತಮ್ಮನ ದನಿ, ಗಟ್ಟಿಯಾಗಿ, ಒಳಗೊಳಗೆ ಹೆದರಿದಂತೆ:

"ಸುಮ್ನ ಬಿದ್ಕೋ. ನೀ ಸುನಂದಾ ಅಲ್ಲ. ನೀರು ಕೊಟ್ರ ನೀ ಅಕಿನ್ನ ಬಿಟ್ಟು ಹೋಗಂಗಿಲ್ಲಂತ ಮಂತ್ರಸಾಂವ ಹೇಳ್ಯಾನ. ಬೇಸ್ತವಾರ ಅಂವ ಬರೂತನಕ ಕದಾ ತಗಿಯಂಗಿಲ್ಲ."

ಸುಮಂಗಲಾ ಮಣೆಯ ಕಡೆ ನೋಡಿದಳು. ಗುರುಶಾಂತಮ್ಮನ ತುಟಿಗಳೂ ಅಲುಗುತ್ತಿದ್ದವು. ದನಿಯಿಲ್ಲದೆ, ಹುಡುಗಿಯ ಮಾತಿಗೆ ಸರಿಯಾಗಿ, ಒಂದಕ್ಷರ ಹಿಂದುಮುಂದಾಗದೆ.

"ಯವ್ವಾ," ಸುಮಂಗಲಾ ಕಡೆಗೆ ಅಂದಳು, "ಇದು ಗಾಳಿ ಅಲ್ಲ. ಈ ಕೂಸು ತನ್ನದೊಂದು ಮಾತೂ ಸೇರಸಂಗಿಲ್ಲ. ಕಿವಿಗೆ ಬಿದ್ದದ್ದಷ್ಟ ಹೇಳ್ತದ. ಆವತ್ತು ಇದು ಇಲ್ಲೇ ಕದದ ಮುಂದ ಕುಂತಿತ್ತು, ಅಲ್ಲೇನ್ರಿ?"

ಗುರುಶಾಂತಮ್ಮ ಮಣೆಯಿಂದ ಎದ್ದಳು. ಆಮೇಲೆ ಕೈ ಜೋಡಿಸಿದಳು. ಚಹಾ ಕೈಗೆ ಕೊಡದವಳು ಈಗ ಸುಮಂಗಲಾಳ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಜ್ವರ ಬಂದಿತ್ತವಾ. ಸುಡೋ ಜ್ವರ. ಏನೇನೋ ಬಡಬಡಸಾಕತ್ತಿದ್ಲು, ನನ್ನ ಗುರುತು ಹಿಡೀಲಿಲ್ಲ, ಮೈಮ್ಯಾಲ ಬಂದ್ಲು. ಗಾಳಿ ಹೊಕ್ಕದ ಅಂದ ಆ ಮಂತ್ರಸಾಂವ. ನಾ ನಂಬಿದೆ. ಬೇಸ್ತವಾರ ಕದಾ ತಗದಾಗ ಉಸಿರು ಇರ್ಲಿಲ್ಲ. ಈಗ ನೀ ಒಂದು ಮಾತು ಹೇಳಿಬಿಡು, ಇದು ದೆವ್ವ ಅಂತ. ದೆವ್ವಾದ್ರ ಓಡಸಬಹುದು. ಒಳಗಿದ್ದಾಕಿ ಸುನಂದಾನ ಇದ್ಲು ಅಂದ್ರ, ನಾ ಎಲ್ಲಿ ಹೋಗ್ಲಿ?"

ಅಡುಗೆಮನೆಯ ಬಾಗಿಲಲ್ಲಿ ವಿಜಯಲಕ್ಷ್ಮಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಸುನಂದಾ ಆಸ್ಪತ್ರೆಯಲ್ಲಿ ತೀರಿಕೊಂಡಳು ಅಂತ ಹೇಳಿ ಅವಳನ್ನು ಆ ಮನೆಗೆ ತಂದಿದ್ದರು. ಹೊರಗೆ ಹಮಾಲರು ಊಟ ಮುಗಿಸಿ ಎದ್ದರು, ಗಿರಣಿ ಮತ್ತೆ ಶುರುವಾಯಿತು. ಆಮೇಲೆ ಮಾತಾಡಿದರೂ ಒಬ್ಬರದೊಬ್ಬರಿಗೆ ಕೇಳಿಸುವಂತಿರಲಿಲ್ಲ.

ಎರಡು ದಿನ ಬಿಟ್ಟು ಮುಂಜಾನೆ, ವಿಜಯಲಕ್ಷ್ಮಿ ಅಂಬಿಕಾಳ ಕೈ ಹಿಡಿದು ರಾಯಚೂರಿನ ಕೋಣೆಯ ಮೆಟ್ಟಿಲು ಹತ್ತಿ ಬಂದಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ.

"ಮೇಡಮ್, ಸಲಹಾ ಕೇಳಾಕ ಬಂದೀನ್ರಿ. ಈ ಸಲ ಫೀಸು ನಂದು" ಅಂದಳು. "ನನಗೂ ನಾಳೆ ಜ್ವರ ಬರಬಹುದು. ಆ ಮನಿಯಾಗ ಇರಲಾರೆ. ಮಟಮಾರಿಯಾಗ ನನ್ನ ತವರಮನಿ ಅದ. ಈ ಹುಡುಗೀನ ಬಿಟ್ಟುಹೋಗಾಕ ಮನಸ್ಸು ಒಪ್ಪವಲ್ಲದು. ನಾ ಹೆತ್ತಿಲ್ಲ, ಖರೆ. ಕರಕೊಂಡು ಹೋಗಬಹುದೇನ್ರಿ?"

ಸುಮಂಗಲಾ ಉತ್ತರ ಹೇಳುವ ಮೊದಲೇ ಕೆಳಗೆ ಜೀಪು ನಿಂತಿತು. ಪಂಪಾಪತಿ ದಡದಡ ಮೇಲೆ ಬಂದ.

"ಹಾಸ್ಟೆಲ್ ಹೇಳು ಅಂದ್ರ ನನ್ನ ಮನಿ ಮುರದಿ. ರೊಕ್ಕ ಕೊಟ್ಟಾಂವ ನಾನು. ನೀ ಯಾರ ಕಡಿಯಾಕಿ?" ಅಂದ. ಸುಮಂಗಲಾ ಕುರ್ಚಿ ಹಿಡಿದು ನಿಂತಳು. ಅವನು ಹೆಂಡತಿಯ ಕಡೆ ತಿರುಗಿದ: "ಅವ್ವ ಮಾಡಿದ್ದಕ್ಕ ನಾ ಏನು ಮಾಡ್ಲಿ? ನಾ ಮಿಲ್ಲಿನಾಗಿದ್ದೆ. ನನಗೇನೂ ಕೇಳಸ್ಲಿಲ್ಲ."

ಕೆಳಗೆ ಮತೀನ್ ಭಾಯಿ ಕನ್ನಡಕದ ಗಾಜಿಗೆ ಸಾಣೆ ಹಿಡಿಯುತ್ತಿದ್ದ. ಯಂತ್ರದ ಸದ್ದು ಒಮ್ಮೆಲೇ ನಿಂತಿತು.

ಗೋಡೆಗೆ ಒರಗಿದ್ದ ಅಂಬಿಕಾ ತಲೆ ಎತ್ತಿದಳು. ಒಣಗಿದ ದನಿ ಬಂತು. "ಏನ್ರೀ... ನೀವು ಬಂದೀರಿ ಅಂತ ಗೊತ್ತದ, ನಿಮ್ಮ ಚಪ್ಪಲಿ ಸಪ್ಪಳ ಕೇಳಿದೆ. ನೀವರ ತಗೀರಿ." ಆಮೇಲೆ ಪಂಪಾಪತಿಯದೇ ದನಿ, ಬೇಸರಪಟ್ಟುಕೊಂಡಂತೆ, ಅವಸರದಲ್ಲಿದ್ದಂತೆ: "ಅವ್ವ ಹೇಳಿದಂಗ ಕೇಳು."

ಪಂಪಾಪತಿ ತನ್ನ ಕಾಲಿನ ಚಪ್ಪಲಿ ನೋಡಿಕೊಂಡ. ಮಗಳ ಕಡೆ ಒಮ್ಮೆಯೂ ಕಣ್ಣು ಹೊರಳಿಸದೆ, ಗೋಡೆ ಹಿಡಿದು ಮೆಟ್ಟಿಲು ಇಳಿದು ಹೋದ. ಆಮೇಲೆ ಅವನು ಹೆಂಡತಿಯನ್ನೋ ಮಗಳನ್ನೋ ಕರೆಯಲು ಬರಲಿಲ್ಲ. ಆದರೆ ಮಾನ್ವಿ ಕಡೆಯ ನಾಲ್ಕಾರು ಮನೆಯವರು ಸುಮಂಗಲಾಳಿಗೆ ಫೋನ್ ಮಾಡುವುದನ್ನು ಬಿಟ್ಟರು. ಮನೆ ಮುರಿಯುವವಳು ಅಂತ ಹೆಸರಾಯಿತು. "ಹೋಗಲಿ ಬಿಡ್ರಿ ಬೆಹೆನ್‌ಜಿ, ರೂಮು ನಿಮ್ಮದೇ" ಅಂತ ಮತೀನ್ ಭಾಯಿ ತಾನಾಗಿಯೇ ಹೇಳಿದ.

ಮಟಮಾರಿಯಲ್ಲಿ ಗಿರಣಿ ಇಲ್ಲ. ಅಂಬಿಕಾ ಅಲ್ಲಿಗೆ ಹೋದ ಮೇಲೆ ಆ ದನಿ ಬರಲಿಲ್ಲ. ವಿಜಯಲಕ್ಷ್ಮಿಯ ಅಪ್ಪ ಹೊಲದ ಮನುಷ್ಯ, ಹೆಚ್ಚು ಕೇಳುವವನಲ್ಲ. ಮೊಮ್ಮಗಳು ಅಂತ ಒಪ್ಪಿಕೊಂಡ. ಊರ ಸಾಲಿಯಲ್ಲಿ ಹೆಸರು ಹಚ್ಚಿಸಲು ಸುಮಂಗಲಾ ತಾನೇ ಹೋಗಿ ಹೆಡ್‌ಮಾಸ್ತರರ ಜೊತೆ ವಾದಿಸಿದಳು. ವಾರಕ್ಕೊಮ್ಮೆ ಹುಡುಗಿಯನ್ನು ರಾಯಚೂರಿಗೆ ಕರೆತರುತ್ತಿದ್ದರು. ಚಿತ್ರ ತೋರಿಸಿ ಬೇಕಾದ್ದು ಕೇಳುವುದನ್ನು ಅವಳು ಕಲಿಯತೊಡಗಿದಳು.

ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಾಗ, ಶ್ರಾವಣದ ಒಂದು ಮಧ್ಯಾಹ್ನ ಗುರುಶಾಂತಮ್ಮನ ಫೋನ್ ಬಂತು.

"ಯವ್ವಾ, ಕೂಸು ಅಲ್ಲೇ ಅದಲ್ಲ? ಮಟಮಾರಿಯಾಗ?"

"ಹೌದ್ರಿ. ಯಾಕ?"

"ದನಿ ಇಲ್ಲೇ ಉಳದದ."

ಗಿರಣಿ ನಿಂತರೆ ಸಾಕು, ಬೀಗದ ಹಿಂದಿನಿಂದ ಬರುತ್ತದಂತೆ. ಮಗನಿಗೆ ಕೇಳಿಸುವುದಿಲ್ಲವಂತೆ. ಅಥವಾ ಕೇಳಿಸುವುದಿಲ್ಲ ಅನ್ನುತ್ತಾನೆ. ಆದರೆ ಊಟದ ಹೊತ್ತಿನಲ್ಲೂ ಗಿರಣಿ ನಿಲ್ಲಿಸಬೇಡಿ ಅಂತ ಹುಕುಂ ಮಾಡಿದ್ದಾನೆ. ಕರೆಂಟು ಹೋದಾಗ ಮಾತ್ರ ಏನೂ ಮಾಡುವಂತಿಲ್ಲ. ಹಮಾಲರು ಆ ಗೋಡೆಯ ಬದಿ ಕೂತು ಉಣ್ಣುವುದನ್ನು ಬಿಟ್ಟಿದ್ದಾರೆ.

"ನೀ ಸಲಹಾ ಹೇಳಾಕಿ. ನಿನ್ನ ಫೀಸು ಏನದ ಕೊಡ್ತೀನಿ. ನಾ ಏನು ಮಾಡ್ಲಿ ಹೇಳು."

ಅಲ್ಲಿ ಮಗುವಿಲ್ಲ, ಕಿವಿಗೆ ಬಿದ್ದದ್ದನ್ನು ತಿರುಗಿ ಹೇಳುವವರಿಲ್ಲ. ಮುದುಕಿಯ ಮನಸ್ಸಿನ ಭ್ರಮೆ ಅನ್ನಬಹುದಿತ್ತು. ಆದರೆ ಫೋನಿನ ಆ ತುದಿಯಲ್ಲಿ ಗಿರಣಿಯ ಸದ್ದಿರಲಿಲ್ಲ. ಗುರುಶಾಂತಮ್ಮ ಸುಮ್ಮನಾದಾಗ, ದೂರದಲ್ಲಿ, ಯಾರೋ ಕೆಮ್ಮಿದ್ದನ್ನು ಸುಮಂಗಲಾ ಕೇಳಿದಳು. ಇವತ್ತಿಗೂ ಅದು ಏನು ಅಂತ ಆಕೆಗೆ ಗೊತ್ತಿಲ್ಲ.

"ಫೀಸು ಬ್ಯಾಡ್ರಿ ಯವ್ವಾ" ಅಂದಳು. "ಬೀಗ ತಗದು ಕದಾ ತಗೀರಿ. ಆಮ್ಯಾಲ ಅಕಿನ್ನ ಹೆತ್ತಾಕಿ ಹಂತ್ಯಾಕ ಹೋಗ್ರಿ."

ಗುರುಶಾಂತಮ್ಮ ಹೋದಳು. ಮಗನಿಗೆ ಹೇಳದೆ, ಒಬ್ಬಳೇ ಬಸ್ಸು ಹತ್ತಿ, ಬಾಗಲವಾಡಕ್ಕೆ. ಸುನಂದಾಳ ತಾಯಿ ಗೋಪಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳಂತೆ. ಬೀಗತಿ ಬಂದಳಲ್ಲ ಅಂತ ಎದ್ದು, ಕಂಬಳಿ ಹಾಸಿ, ಬಂದವರಿಗೆ ಕೊಡುವಂತೆ ಒಂದು ಚರಿಗೆ ನೀರು ತಂದುಕೊಟ್ಟಳು. ಗುರುಶಾಂತಮ್ಮ ಚರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಎಲ್ಲವನ್ನೂ ಹೇಳಿದಳು. ಗೋಪಮ್ಮ ಕೂಗಾಡಲಿಲ್ಲ. ಕೇಳಿ ಮುಗಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕತ್ತಲಾಗುವತನಕ ತೆರೆಯಲಿಲ್ಲ. ಗುರುಶಾಂತಮ್ಮ ಕಡೆಯ ಬಸ್ಸಿಗೆ ಊರಿಗೆ ಮರಳಿದಳು.

ಗೋಪಮ್ಮ ಆಮೇಲೆ ಗಂಡುಮಕ್ಕಳನ್ನು ಕರೆದುಕೊಂಡು ಠಾಣೆಗೆ ಹೋದಳು. ನಾಲ್ಕು ವರ್ಷದ ಹಿಂದಿನ ಮಾತು, ಸಾಕ್ಷಿ ಏನಿದೆ ಅಂತ ಅಲ್ಲಿ ಕೇಳಿದರು. ಗುರುಶಾಂತಮ್ಮ ತಾನೇ ಹೋಗಿ ಮಾಡಿದ್ದನ್ನು ಹೇಳಿದ ಮೇಲೆ ಕೇಸಾಯಿತು. ಕೇಸು ಇನ್ನೂ ನಡೆದಿದೆ. ಗೋಪಮ್ಮ ಅಮಾವಾಸ್ಯೆಗೊಮ್ಮೆ ಮಟಮಾರಿಗೆ ಬಂದು ಮೊಮ್ಮಗಳ ಪಕ್ಕ ಕೂತುಹೋಗುತ್ತಾಳೆ. ಮಗಳ ದನಿ ಬರಲಿ ಅಂತ ಕಾಯುತ್ತಾಳೋ, ಬಾರದಿರಲಿ ಅಂತ ಬೇಡುತ್ತಾಳೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಆ ಕೋಣೆಯಿಂದ ದನಿ ಬರುವುದು ನಿಂತಿತೋ ಇಲ್ಲವೋ ಅಂತ ಸುಮಂಗಲಾ ವಿಚಾರಿಸಿಲ್ಲ.

ಹೋದ ಚಳಿಗಾಲದಲ್ಲಿ ಇನ್ನೊಂದಾಯಿತು. ಅಂಬಿಕಾ ಕೋಣೆಯಲ್ಲಿ ಕೂತು ಚಿತ್ರಗಳನ್ನು ಜೋಡಿಸುತ್ತಿದ್ದಳು. ಸುಮಂಗಲಾ ಕಿಟಕಿ ಹಾಕಲು ಎದ್ದಳು. ಬೆನ್ನ ಹಿಂದೆ ಒಬ್ಬ ಹೆಂಗಸು ಸಣ್ಣಗೆ, ದಣಿದು, "ಈ ಕೂಸು ನನ್ನ ಹಂತ್ಯಾಕ ಬರಬಾರದಿತ್ರೀ. ನನಗ ಅಂಜಿಕಿ ಬರ್ತದ ಇದರದು" ಅಂದಳು. ಯಾರು ಬಂದರು ಅಂತ ಸುಮಂಗಲಾ ತಿರುಗಿದಳು. ಯಾರೂ ಇರಲಿಲ್ಲ. ಅದು ತನ್ನದೇ ದನಿ ಅಂತ ತಿಳಿಯಲು ಒಂದು ಗಳಿಗೆ ಬೇಕಾಯಿತು. ಯಾವಾಗಲೋ ಫೋನಿನಲ್ಲಿ ಗಂಡನಿಗೆ ಅಂದದ್ದು, ಹುಡುಗಿ ಮೂಲೆಯಲ್ಲಿದ್ದಾಗ. ಅಂಬಿಕಾ ಚಿತ್ರ ಜೋಡಿಸುತ್ತಲೇ ಇದ್ದಳು. ಸುಮಂಗಲಾ ಹೋಗಿ ಅವಳ ಪಕ್ಕ ಕೂತಳು. ಬೆನ್ನ ಮೇಲೆ ಕೈ ಇಟ್ಟಳು. ಹುಡುಗಿ ಕೊಸರಲಿಲ್ಲ.

ಈಗ ಆಕೆಯ ಕೋಣೆಗೆ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಕುರ್ಚಿಗಳೆಲ್ಲ ಹೊರಗೆ, ಮೆಟ್ಟಿಲಿನ ತಲೆಯಲ್ಲಿ, ಬಿಸಿಲಿಗೆ. ಮೊನ್ನೆ ಸಿರವಾರದ ಗಂಡಹೆಂಡತಿ ಮಾತು ಬಾರದ ಮಗನನ್ನು ಕರೆದುಕೊಂಡು ಬಂದಿದ್ದರು. ಹೆಂಡತಿ ಕೂತ ಕೂಡಲೇ ಮಗನ ಮುಂದೆಯೇ ಅವನ ಗೋಳು ತೋಡಿಕೊಳ್ಳತೊಡಗಿದಳು. ಸುಮಂಗಲಾ ಆಕೆಯ ತೋಳು ಹಿಡಿದು ಎಬ್ಬಿಸಿ ಹೊರಗೆ ಕರೆತಂದು ಬಾಗಿಲು ಮುಂದೆ ಮಾಡಿದಳು.

"ಇಷ್ಟು ಬಿಸಲಾಗ ಯಾಕ್ರೀ ಮೇಡಮ್? ಒಳಗ ಕುಂತು ಮಾತಾಡೋಣಲ್ಲ" ಅಂದ ಗಂಡ.

"ಒಳಗ ಮಕ್ಕಳದಾವ್ರಿ" ಅಂದಳು ಸುಮಂಗಲಾ, ದನಿ ತಗ್ಗಿಸಿ. "ಇಲ್ಲೇ ಹೇಳ್ರಿ."